ನೂಲಿನ ಬೆಲ್ಟು

ತೆಲಂಗಾಣ ರಾಜ್ಯವಾದ ವರ್ಷ ನನ್ನ ಗಂಡ ಹಳೆಯದೊಂದು ಉದ್ದ ಜೀಪನ್ನು ಮನೆಗೆ ತಂದರು. ಹೊಸ ಗಾಡಿಗಳ ನಂಬರಿನಲ್ಲಿ ಟಿಎಸ್ ಬರತೊಡಗಿತ್ತು. ನಮ್ಮದರ ಹಣೆಯ ಮೇಲೆ ಇನ್ನೂ ಎಪಿ. ನಾರಾಯಣಪೇಟೆಯಲ್ಲಿ ನಮ್ಮದು ಸೀರೆ ನೇಯುವ ಮನೆ. ಮಗ್ಗಕ್ಕೆ ಕೂಡುವವರು ಅತ್ತೆ, ಸೀರೆಗಳನ್ನು ಅಂಗಡಿಗಳಿಗೆ ಮುಟ್ಟಿಸುವವರು ಇವರು. ಗಂಟು ಸಾಗಿಸಲು ಜೀಪು ಬೇಕೆಂಬುದು ನೆಪ. ಇವರಿಗೆ ಚಿಕ್ಕಂದಿನಿಂದಲೂ ದೊಡ್ಡ ಗಾಡಿಗಳ ಹುಚ್ಚು.

ಬಿಡುವಾದಾಗಲೆಲ್ಲ ಅಂಗಳದಲ್ಲಿ ಜೀಪಿನ ಕೆಳಗೆ ಮಲಗಿರುತ್ತಿದ್ದರು. ತುಕ್ಕು ಹಿಡಿದ ತಗಡು ಕತ್ತರಿಸಿ ಹೊಸದನ್ನು ಬೆಸೆದರು, ಅಗಲವಾದ ಟೈರು ಹಾಕಿದರು, ನೆತ್ತಿಯ ಮೇಲೆ ಸಾಲು ದೀಪ ಕೂರಿಸಿದರು. ಹಸಿರು ಬಣ್ಣ ಹೊಡೆದ ದಿನ ಗಾಳಿ ತಿರುಗಿ, ಮಗ್ಗದ ಮೇಲೆ ಎಳೆದಿದ್ದ ಬಿಳಿ ನೂಲಿನ ಹಾಸಿನ ತುಂಬ ಹಸಿರು ಚುಕ್ಕಿ ಬಿದ್ದವು. ಅತ್ತೆ ಮಗನೊಂದಿಗೆ ಮಾತು ಬಿಟ್ಟರು. “ಆ ಸುಡುಗಾಡು ಗಾಡ್ಯಾಗ ನಾ ಕೂಡಂಗಿಲ್ಲ” ಎಂದು ನನ್ನೆದುರು ಶಪಥ ಮಾಡಿದರು.

ಆದರೆ ಗದ್ವಾಲಿನಲ್ಲಿರುವ ನಾದಿನಿಗೆ ಹೆಣ್ಣು ಕೂಸು ಹುಟ್ಟಿದ ಸುದ್ದಿ ಬಂದಾಗ ಅವರಿಗೆ ಬಸ್ಸು ಕಾಯುವ ತಾಳ್ಮೆ ಉಳಿಯಲಿಲ್ಲ. ಮಗಳ ಮನೆಯ ಮಗ್ಗಕ್ಕೆಂದು ತೆಗೆದಿಟ್ಟ ನೂಲಿನ ಲಡಿಗಳನ್ನು ಮಡಿಲಲ್ಲಿಟ್ಟುಕೊಂಡು, ಹಿಂದಿನ ಸೀಟಿನಲ್ಲಿ ಮುಖ ಬಿಗಿದುಕೊಂಡು ಕೂತರು.

ಮಕ್ತಲ್ ದಾಟಿದ ಮೇಲೆ ಫಟ್ಟೆಂದು ಸದ್ದಾಯಿತು, ಬೆನ್ನಿಗೇ ಹಬೆ ಎದ್ದಿತು. ಇವರು ಇಳಿದು ಬಾನೆಟ್ ಎತ್ತಿದರು. ಫ್ಯಾನು ತಿರುಗಿಸುವ ಬೆಲ್ಟು ಹರಿದಿತ್ತು. ಎಲ್ಲವನ್ನೂ ಹೊಸದು ಮಾಡಿದ್ದವರು ಅದೊಂದನ್ನು ಹಾಗೇ ಬಿಟ್ಟಿದ್ದರು. ಬೈಗುಳಕ್ಕೆ ಸಿದ್ಧರಾದವರಂತೆ ತಲೆ ತಗ್ಗಿಸಿ ನಿಂತರು.

“ಏನ್ ಹರೀತೋ?” ಅತ್ತೆ ಇಳಿದು ಬಂದರು.

“ಬೆಲ್ಟು, ಅವ್ವಾ. ಅದಿಲ್ದ ಓಡಿಸಿದ್ರ ಇಂಜಿನ್ನು ಸುಟ್ಟು ಹೋಗ್ತೈತಿ.”

ಅತ್ತೆ ಹರಿದ ತುಂಡನ್ನು ಹಿಗ್ಗಿಸಿ ನೋಡಿದರು. “ಹಗ್ಗ ಆದ್ರ ನಡೀತೈತೇನು?”

“ಗಟ್ಟಿ ಇದ್ರ ಸ್ವಲ್ಪ ದೂರ ನಡೀತೈತಿ. ಗಂಟು ಮಾತ್ರ ದಪ್ಪ ಆಗಬಾರದು.”

“ಗಂಟು ಹಾಕಾಕ ನನಗ ಕಲಸಬ್ಯಾಡ.”

ಬೇವಿನ ನೆರಳಿನಲ್ಲಿ ಇವರು ನೂಲಿನ ಒಂದು ತುದಿ ಹಿಡಿದರು, ಅತ್ತೆ ಇನ್ನೊಂದು ತುದಿಯಿಂದ ಹೊಸೆದರು. ಎಳೆಗಳು ಸಿಕ್ಕಾಗದಂತೆ ನಾನು ನಡುವೆ ಬೆರಳಾಡಿಸುತ್ತ ನಿಂತೆ. “ಎಳಿ, ಇನ್ನಾ ಎಳಿ, ಊಟ ಮಾಡಿಲ್ಲೇನು?” ಎಂದು ಅತ್ತೆ ಗದರಿದಾಗ ಇವರಿಗೆ ನಗು ಬಂತು. ಅದನ್ನು ಕಂಡು ಅತ್ತೆಯೂ ನಕ್ಕರು.

ಇಂಜಿನ್ ತಣಿದ ಮೇಲೆ ನೀರು ತುಂಬಿಸಿ, ಆ ಹಗ್ಗ ಬಿಗಿದು ಹೊರಟೆವು. ಕೃಷ್ಣಾ ನದಿ ಕಾಣುವ ಮೊದಲೇ ಅದು ಸವೆದು ಹರಿಯಿತು. ಯಾರೂ ಕೇಳದೆಯೇ ಅತ್ತೆ ಮತ್ತೊಂದು ಲಡಿ ಬಿಚ್ಚಿದರು. ಅದರ ಮೇಲೆಯೇ ಮೆಲ್ಲಗೆ ಗದ್ವಾಲ್ ಸೇರಿದೆವು.

ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅತ್ತೆ ಮಗಳಿಗೆ ದಾರಿಯ ಕಥೆ ಹೇಳಿದರು. ಮಾತಿಗೊಮ್ಮೆ “ನಮ್ಮ ಗಾಡಿ, ನಮ್ಮ ಗಾಡಿ” ಎನ್ನುತ್ತಿದ್ದರು. ಹೊಸ ಬೆಲ್ಟು ಹಾಕಿಸಿ ಮರಳುವಾಗ ಮುಂದಿನ ಸೀಟು ತಮಗೇ ಬೇಕೆಂದರು. ಆಮೇಲೆ ಸೀಟುಗಳಿಗೆ ತಾವೇ ಚೌಕಳಿ ಬಟ್ಟೆ ನೇಯ್ದು ಹೊದಿಸಿದರು. ಹತ್ತಲು ಮೆಟ್ಟಿಲು ಬೇಕೆಂದು ಮಗನಿಗೆ ಹೇಳಿದರು. ಇವರು ಅಂಗಳದಲ್ಲಿ ಅದನ್ನು ಬೆಸೆಯುತ್ತಿದ್ದರೆ, ಅತ್ತೆ ಮಗ್ಗದಿಂದಲೇ ಕತ್ತು ಹೊರಳಿಸಿ, “ಸೊಟ್ಟ ಆಗೈತಿ ನೋಡೋ” ಎನ್ನುತ್ತಿದ್ದರು.