ಮುಷ್ಕರದ ನಡುವೆ ಬಂದ ತಿಥಿ

ಮೈಕು ಕೈಗೆ ಸಿಕ್ಕರೆ ನನ್ನ ನಾಲಿಗೆಗೆ ಲಗಾಮಿಲ್ಲ. ವಿಮಾ ಕಚೇರಿಯ ನೌಕರರ ಸಂಘಕ್ಕೆ ಒಂಬತ್ತು ವರ್ಷ ಕಾರ್ಯದರ್ಶಿಯಾಗಿದ್ದವನಿಗೆ ಅದೊಂದು ಚಟ. ನಗರದ ಕಸ ಎತ್ತುವವರು ಕೆಲಸ ನಿಲ್ಲಿಸಿ ಶಾಮಿಯಾನದ ಕೆಳಗೆ ಕೂತ ಎರಡನೆಯ ದಿನವೂ ಹಾಗೇ ಆಯಿತು. ವಾರಕ್ಕೊಂದು ರಜೆ ಕೊಡಿ, ಗುತ್ತಿಗೆ ಬಿಡಿಸಿ ಖಾಯಂ ಮಾಡಿ ಎಂಬುದು ಅವರ ಬೇಡಿಕೆ. ಇಸ್ತ್ರಿ ಹಾಕಿದ ಅಂಗಿ ತೊಟ್ಟು, ನಮ್ಮ ಸಂಘದ ಬೆಂಬಲ ಪತ್ರ ಹಿಡಿದುಕೊಂಡು ನಾವೊಂದಷ್ಟು ಜನ ಹೋದೆವು. ಪತ್ರ ಓದಿ ಕೊಟ್ಟು ಬಂದಿದ್ದರೆ ಮುಗಿಯುತ್ತಿತ್ತು. ನಾನು ಬಿಡಬೇಕಲ್ಲ! "ನೀವು ಕೆಲಸಕ್ಕೆ ಮರಳುವ ತನಕ ನಮ್ಮ ಮನೆಯ ಕಸವನ್ನು ಬೇರೆ ಯಾರ ಕೈಗೂ ಕೊಡುವುದಿಲ್ಲ" ಎಂದುಬಿಟ್ಟೆ. ಜೋರು ಚಪ್ಪಾಳೆ ಬಿತ್ತು.

ಎದುರಿನ ಸಾಲಿನಲ್ಲಿ ಅವರ ಸಂಘದ ಮುಂದಾಳು ಹೆಂಗಸು ಕೂತಿದ್ದಳು. ಮಣ್ಣಗುಡ್ಡದ ನಮ್ಮ ಗಲ್ಲಿಯ ಕಸ ಒಯ್ಯುವವಳೂ ಆಕೆಯೇ. ಯಾವ ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ, ಯಾರು ಹೆಂಡತಿಗೆ ಗೊತ್ತಾಗದಂತೆ ಕುಡಿಯುತ್ತಾರೆ ಎಂಬುದೆಲ್ಲ ಆಕೆಗೆ ಚೀಲ ನೋಡಿಯೇ ಗೊತ್ತು. ಆಕೆ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ನನಗೆ ಸ್ವಲ್ಪ ಬೇಸರವೇ ಆಯಿತು.

ಐದನೆಯ ದಿನಕ್ಕೆ ನಮ್ಮ ಫ್ಲ್ಯಾಟಿನ ಗೇಟಿನ ಬಳಿ ಮೂಗು ಮುಚ್ಚಿಕೊಳ್ಳದೆ ನಡೆಯುವಂತಿರಲಿಲ್ಲ. ಚೀಲಗಳ ರಾಶಿಯ ಮೇಲೆ ನಾಯಿಗಳ ಜಗಳ. ಅಷ್ಟರಲ್ಲಿ ಗುತ್ತಿಗೆದಾರ ಹೊರಗಿನ ಊರಿನ ಆಳುಗಳನ್ನಿಟ್ಟು ಟೆಂಪೊ ಕಳಿಸತೊಡಗಿದ. ಫ್ಲ್ಯಾಟಿನವರ ಮೀಟಿಂಗಿನಲ್ಲಿ ನಾನು ಎದ್ದು ನಿಂತು, ಇದು ಬಡವರ ಹೊಟ್ಟೆಗೆ ಹೊಡೆಯುವ ಕೆಲಸ, ಟೆಂಪೊಗೆ ಕಸ ಕೊಡಬೇಡಿ ಎಂದು ಕೂಗಾಡಿದೆ. "ಎಂತ ಮಾರಾಯ್ರೆ, ನಿಮ್ಮ ಹೋರಾಟ ನಿಮ್ಮ ಬಾಲ್ಕನಿಯಲ್ಲಿ ಇಟ್ಟುಕೊಳ್ಳಿ, ನಮಗೆ ವಾಸನೆ ತಡೆಯುವುದಿಲ್ಲ" ಎಂದರು ಮೇಲಿನ ಮನೆಯವರು. ಹಾಗೇ ಮಾಡಿದೆ. ಬಾಲ್ಕನಿಯಲ್ಲಿ ನಾಲ್ಕು ಚೀಲ ಬಿಗಿಯಾಗಿ ಕಟ್ಟಿಟ್ಟೆ. ಹೆಂಡತಿ ಒಣಗಿಸುವ ಬಟ್ಟೆಗಳನ್ನು ಒಳಗೆ ತಂದು ಹಾಕಿದಳು.

ಏಳನೆಯ ದಿನ ಅಪ್ಪನ ತಿಥಿ. ನಮ್ಮದು ದೇವಸ್ಥಾನದ ಪೂಜೆಯ ಮನೆತನ. ನಾನು ಜನಿವಾರಕ್ಕಿಂತ ಸಂಘದ ಬ್ಯಾಡ್ಜಿಗೆ ಹೆಚ್ಚು ಮರ್ಯಾದೆ ಕೊಟ್ಟವನಾದರೂ ತಿಥಿ ತಪ್ಪಿಸಿದವನಲ್ಲ. ತಿಥಿಯ ಊಟದ ಎಲೆಗಳನ್ನು ಕತ್ತಲಾಗುವುದರೊಳಗೆ ಹಿತ್ತಲಿನಲ್ಲಿ ಗುಂಡಿ ತೋಡಿ ಹೂಳುವುದು ನಮ್ಮ ಕ್ರಮ. ಮೂರನೆಯ ಮಹಡಿಯಲ್ಲಿ ಹಿತ್ತಲು ಎಲ್ಲಿಂದ ಬರಬೇಕು? ಫ್ಲ್ಯಾಟಿಗೆ ಬಂದ ಮೇಲೆ ಪ್ರತಿ ವರ್ಷ ಆ ದಿನ ಸಂಜೆ ಕಸ ಒಯ್ಯುವ ಆಕೆಯೇ ಇನ್ನೊಂದು ಸಲ ಬಂದು ಎಲೆಗಳ ಗೋಣಿ ಒಯ್ಯುತ್ತಿದ್ದಳು. ಈ ಸಲ ಆಕೆ ಶಾಮಿಯಾನದಲ್ಲಿದ್ದಾಳೆ ಎಂಬುದು ಅಡುಗೆಯವರು ಎಲೆ ಮಡಚುವ ತನಕ ನನ್ನ ತಲೆಗೆ ಬರಲೇ ಇಲ್ಲ.

ಸಂಜೆ ಕೆಳಗೆ ಟೆಂಪೊದ ಹಾರ್ನ್ ಕೇಳಿತು. "ಎಲೆಯನ್ನು ಮನೆಯೊಳಗೆ ಇಟ್ಟುಕೊಳ್ಳಲಿಕ್ಕುಂಟಾ? ಮಾವ ಇದ್ದಿದ್ದರೆ ಎಂತ ಹೇಳ್ತಿದ್ದರು?" ಎಂದಳು ಹೆಂಡತಿ. ಗೋಣಿ ಹೆಗಲಿಗೇರಿಸಿ ಇಳಿದೆ. ಶಾಸ್ತ್ರದ ವಿಷಯ, ಇದೊಂದು ಗೋಣಿ ತಾನೇ ಎಂದುಕೊಂಡೆ. ಕೊಟ್ಟಾದ ಮೇಲೆ ಒಂದು ನಿಮಿಷ ನಿಂತೆ. ಹೇಗೂ ಕೊಟ್ಟಾಯಿತಲ್ಲ ಎಂದು ಮತ್ತೆ ಮೂರು ಮಹಡಿ ಹತ್ತಿ, ಬಾಲ್ಕನಿಯ ನಾಲ್ಕು ಚೀಲಗಳನ್ನೂ ತಂದುಕೊಟ್ಟೆ.

ಗಲ್ಲಿಯ ತಿರುವಿನಲ್ಲಿ ಮುಷ್ಕರದವರು ಟೆಂಪೊ ಅಡ್ಡಗಟ್ಟಿ ಗೋಣಿಗಳನ್ನು ಕೆಳಗೆಳೆದರು. ನಾನು ಬಾಲ್ಕನಿಯ ಬಾಗಿಲಿನ ಹಿಂದೆ ನಿಂತು ನೋಡುತ್ತಿದ್ದೆ. ಒಂದು ಗೋಣಿ ಹರಿದು ಎಲೆಗಳು, ಎಳ್ಳು, ದರ್ಭೆ ಎಲ್ಲ ರಸ್ತೆಗೆ ಬಿದ್ದವು. ಅವರ ಜೊತೆಗಿದ್ದ ಆಕೆ ಬಗ್ಗಿ ನೋಡಿ, ತಲೆಯೆತ್ತಿ ನೇರ ನಮ್ಮ ಮನೆಯತ್ತ ನೋಡಿದಳು. ಯಾರ ಮನೆಯದು, ಯಾರ ಮನೆಯದು ಎಂದು ಉಳಿದವರು ಕೂಗುತ್ತಿದ್ದರು. ಆಕೆ ಹೇಳಲಿಲ್ಲ.

ಟೆಂಪೊಗಳು ಹೆಚ್ಚಾದವು. ಹತ್ತನೆಯ ದಿನ ಮುಷ್ಕರ ಮುರಿಯಿತು. ಎಲ್ಲರನ್ನೂ ಕೆಲಸಕ್ಕೆ ತೆಗೆದುಕೊಂಡರು, ಆಕೆಯನ್ನು ಮತ್ತು ಇನ್ನು ನಾಲ್ವರನ್ನು ಬಿಟ್ಟು. ನಮ್ಮ ಸಂಘದ ಸಭೆಯಲ್ಲಿ ನಾನು ತಪ್ಪೊಪ್ಪಿಕೊಂಡು ರಾಜೀನಾಮೆ ಕೊಡಲು ಹೋದರೆ, "ಟೆಂಪೊಗೆ ಕಸ ಕೊಡದವರು ಇಲ್ಲಿ ಯಾರು ಸಾರ್? ಕೂತುಕೊಳ್ಳಿ" ಎಂದು ಖಜಾಂಚಿ ನಕ್ಕ. ನನಗೆ ಹಾಯೆನಿಸಿತು. ಆ ಹಾಯೆನಿಸಿದ್ದು ನೆನಪಾದರೆ ಇಂದಿಗೂ ಅಸಹ್ಯವಾಗುತ್ತದೆ.

ತಿಂಗಳ ಮೇಲೆ ಆಕೆ ನಮ್ಮ ಕಚೇರಿಗೆ ಬಂದಳು. ಬಂದರಿನಲ್ಲಿ ಮೀನು ವಿಂಗಡಿಸುವ ಕೆಲಸ ಸಿಕ್ಕಿತ್ತಂತೆ, ಅದೂ ದಿನಾ ಇಲ್ಲ. "ಸಾರ್, ಒಂದು ಪತ್ರ ಬೇಕಿತ್ತು" ಎಂದಳು. ನಾನು ಕೂಡಲೇ ಸಂಘದ ಲೆಟರ್‌ಹೆಡ್ ತೆಗೆದೆ.

"ಬೆಂಬಲದ್ದು ಅಲ್ಲ ಸಾರ್. ಮುಷ್ಕರದಲ್ಲಿ ಹೊರಗಿನ ಆಳುಗಳನ್ನು ತಂದೇ ಇಲ್ಲ ಅಂತ ಗುತ್ತಿಗೆದಾರ ಲೇಬರ್ ಆಫೀಸಿನಲ್ಲಿ ಹೇಳ್ತಾ ಇದ್ದಾನೆ. ಅದು ಸುಳ್ಳು ಅಂತ ಆದರೆ ಕೆಲಸ ಹೋದ ನಮ್ಮ ಐದು ಜನರ ಕೇಸು ಗಟ್ಟಿಯಾಗ್ತದೆ. ಆ ಟೆಂಪೊಗೆ ಕಸ ಕೊಟ್ಟವರು ಯಾರಾದರೂ ಬಂದು ಹೇಳಬೇಕು." ಮೇಜಿನ ಮೇಲಿನ ಹಾಳೆಯನ್ನು ನನ್ನತ್ತ ಸರಿಸಿ, "ನೀವು ಕೊಟ್ಟಿದ್ದೀರಲ್ಲ" ಎಂದಳು. ಅದರಲ್ಲಿ ಸಿಟ್ಟೂ ಇರಲಿಲ್ಲ, ಚುಚ್ಚುವುದೂ ಇರಲಿಲ್ಲ. ಆಕೆಗೆ ಬೇಕಾದದ್ದು ಸಾಕ್ಷಿ, ನಾನಲ್ಲ.

ಬರೆದುಕೊಟ್ಟೆ. ವಿಚಾರಣೆಯ ದಿನ ಹೋದೆ ಕೂಡ. ಅಧಿಕಾರಿಯ ಮೇಜಿನ ಆಚೆ ಬದಿಯಲ್ಲಿ ಗುತ್ತಿಗೆದಾರನ ವಕೀಲ, ಈಚೆ ಬದಿಯಲ್ಲಿ ಆಕೆ, ಪಕ್ಕದ ಕುರ್ಚಿಯಲ್ಲಿ ನಾನು. ಟೆಂಪೊ ಬಂದದ್ದು, ಅದರಲ್ಲಿದ್ದವರು ನಮ್ಮ ಗಲ್ಲಿಯವರಲ್ಲ ಎಂಬುದು, ಎಲ್ಲ ಹೇಳಿದೆ. ವಕೀಲ ಕನ್ನಡಕ ಸರಿಮಾಡಿಕೊಂಡ.

"ನೀವು ಒಂದು ಯೂನಿಯನ್ನಿನ ಕಾರ್ಯದರ್ಶಿ. ಇವರಿಗೆ ಬೆಂಬಲ ಕೊಟ್ಟವರು. ಮತ್ತೆ ಟೆಂಪೊಗೆ ಕಸ ಯಾಕೆ ಕೊಟ್ಟಿರಿ?"

ತಿಥಿ, ಎಲೆ, ಶಾಸ್ತ್ರ ಎಂದೆಲ್ಲ ಹೇಳಬಹುದಿತ್ತು. ಅಧಿಕಾರಿಯೂ ನಮ್ಮ ಜಾತಿಯವರೇ, ಕೇಳಿ ತಲೆಯಾಡಿಸುತ್ತಿದ್ದರು. ಆದರೆ ಆ ನಾಲ್ಕು ಚೀಲಗಳಿಗೆ ಯಾವ ಶಾಸ್ತ್ರವಿತ್ತು?

"ವಾಸನೆ ಬರ್ತಿತ್ತು" ಎಂದೆ.

ಟೈಪ್ ಮಾಡುತ್ತಿದ್ದವರು ಅದನ್ನೇ ಟೈಪ್ ಮಾಡಿದರು. ಆಕೆ, ಬಂದರಿನಲ್ಲಿ ಮೀನು ವಿಂಗಡಿಸಿ ನೇರ ಬಂದವಳು, ನಿಧಾನಕ್ಕೆ ತನ್ನ ಕುರ್ಚಿಯನ್ನು ನನ್ನಿಂದ ಸ್ವಲ್ಪ ದೂರ ಎಳೆದುಕೊಂಡಳು.