ಎರಡನೇ ರಿಮೋಟು

ಈಗ ಹೇಳಹೊರಟಿರುವ ಸಂಗತಿ ನಿಜವಾಗಿ ನಡೆದದ್ದೇ ಎಂದು ನೀವು ಕೇಳಿದರೆ, ಗೊತ್ತಿಲ್ಲ ಎನ್ನಬೇಕಾಗುತ್ತದೆ. ನಡೆದಿದ್ದರೂ ನಾನು ನೆನಪಿಟ್ಟುಕೊಂಡಿರುವ ಹಾಗೇ ನಡೆಯಿತೇ, ಅದೂ ಗೊತ್ತಿಲ್ಲ. ಅರ್ಧ ಓದಿಸಿದ ಮೇಲೆ ಈ ಮಾತು ಹೇಳಿದರೆ ನಿಮಗೆ ಮೋಸ ಮಾಡಿದಂತಾದೀತೆಂದು ಮೊದಲೇ ಹೇಳುತ್ತಿದ್ದೇನೆ. ನನಗೆ ಗಟ್ಟಿಯಾಗಿ ಗೊತ್ತಿರುವುದು ಒಂದು ವಾಸನೆ ಮಾತ್ರ. ಕಾದ ಪ್ಲಾಸ್ಟಿಕ್ಕಿನ ವಾಸನೆ. ಶಿಕಾರಿಪುರದ ನನ್ನ ಮನೆಯಲ್ಲಿ ಟಿವಿಯ ಕೆಳಗಿರುವ ಗೇಮ್ ಕನ್ಸೋಲು ಸ್ವಲ್ಪ ಹೊತ್ತು ಓಡಿತೆಂದರೆ ಅದರ ಬೆನ್ನಿನಿಂದ ಬಿಸಿಗಾಳಿ ಬರುತ್ತದೆ, ಗಾಳಿಯ ಜೊತೆ ಆ ವಾಸನೆಯೂ ಬರುತ್ತದೆ. ಬಂದ ಕೂಡಲೇ ನಾನು ಆಟ ನಿಲ್ಲಿಸಿ ಪಕ್ಕಕ್ಕೆ ನೋಡುತ್ತೇನೆ. ಪಕ್ಕದಲ್ಲಿ ಯಾರೂ ಇರುವುದಿಲ್ಲ.

ನಲವತ್ತು ದಾಟಿದ ಕಾಲೇಜು ಮೇಷ್ಟರ ಮನೆಯಲ್ಲಿ ಇಂಥ ವಸ್ತುವೇಕೆ ಎಂದು ಹುಬ್ಬೇರಿಸುವವರಿದ್ದಾರೆ. ಒಬ್ಬಿಬ್ಬರಿಗೆ ಅದು ಇಂಟರ್ನೆಟ್ಟಿನ ಪೆಟ್ಟಿಗೆ ಎಂದು ಹೇಳಿ ಪಾರಾಗಿದ್ದೇನೆ. ನಾನು ದೊಡ್ಡ ಆಟಗಾರನೇನೂ ಅಲ್ಲ. ಉತ್ತರಪತ್ರಿಕೆ ತಿದ್ದಿ ತಲೆ ಕೆಟ್ಟ ಸಂಜೆಗಳಲ್ಲಿ ಆಡುತ್ತೇನೆ, ಸೋಲುತ್ತೇನೆ, ಮಲಗುತ್ತೇನೆ. ಆದರೂ ಅಭಿಪ್ರಾಯಗಳಿಗೇನೂ ಕೊರತೆಯಿಲ್ಲ. ಹೊಸ ಆಟಗಳ ಬಗ್ಗೆ ನನ್ನ ಮೊದಲ ತಕರಾರೆಂದರೆ ಅವು ಮನೆಗೆ ಬಂದು ಸೇರುವುದು ತೀರ ನಿಧಾನ. ನಮ್ಮ ಊರಿನ ಇಂಟರ್ನೆಟ್ ಲೈನಿನಲ್ಲಿ ಒಂದು ಆಟ ಇಳಿಯುವಷ್ಟರಲ್ಲಿ ಅದನ್ನು ಯಾಕೆ ಆಡಬೇಕೆನಿಸಿತ್ತು ಎಂಬುದೇ ಮರೆತಿರುತ್ತದೆ. ಇಳಿದ ಮೇಲೆ ಅದು ನನ್ನನ್ನು ಎಳೆಮಗುವಿನಂತೆ ನಡೆಸುತ್ತದೆ. ಇಲ್ಲಿ ಹೋಗು ಎಂದು ಬಾಣ, ಇದನ್ನು ಒತ್ತು ಎಂದು ಹೊಳೆಯುವ ಗುರುತು. ಸತ್ತರೆ ನಾಲ್ಕು ಹೆಜ್ಜೆ ಹಿಂದಿನಿಂದ ಮತ್ತೆ ಬದುಕು. ಬೆಟ್ಟ, ಹೊಳೆ, ಕುದುರೆಯ ಬೆನ್ನ ಮೇಲಿನ ಬೆವರು, ಎಲ್ಲ ಇಷ್ಟು ಚೆನ್ನಾಗಿ ಮಾಡಿರುತ್ತಾರೆ ಎಂದರೆ ನಾನು ಕಥೆ ಬಿಟ್ಟು ಕುದುರೆಯನ್ನು ಹೊಳೆಯ ದಂಡೆಯಲ್ಲಿ ನಿಲ್ಲಿಸಿಕೊಂಡು ಕೂತಿರುತ್ತೇನೆ. ಆ ಹೊಳೆಯಲ್ಲಿ ಮಾಡಲು ಕೆಲಸವೇನೂ ಇಲ್ಲ.

ಈಚೆಗೆ ಆಡಿದ ಒಂದರಲ್ಲಿ ನಾನು ಒಬ್ಬ ಹೆಂಗಸಿಗೆ ಸುಳ್ಳು ಹೇಳಿದೆ. ತೆರೆಯ ಮೂಲೆಯಲ್ಲಿ ಸಣ್ಣಕ್ಷರಗಳು ಮೂಡಿದವು: ಇವಳು ಇದನ್ನು ನೆನಪಿಟ್ಟುಕೊಳ್ಳುತ್ತಾಳೆ. ನಾನು ಕಂಟ್ರೋಲರನ್ನು ಮಡಿಲಿಗೆ ಹಾಕಿಕೊಂಡೆ. ಹೊಸ ಆಟಗಳು ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತವೆ. ನಾನು ಹೇಳಬೇಕೆಂದಿರುವ ಆಟ ಏನನ್ನೂ ನೆನಪಿಡುತ್ತಿರಲಿಲ್ಲ.

ಆಗ ನಾವು ಸೊರಬದಲ್ಲಿದ್ದೆವು. ಅಪ್ಪ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್. ಶಿರಾಳಕೊಪ್ಪದ ಸಂತೆಯಿಂದ ಚಿಕ್ಕಪ್ಪ ಒಂದು ಟಿವಿ ಗೇಮ್ ತಂದುಕೊಟ್ಟಿದ್ದ. ಕಾದರೆ ಅದೇ ವಾಸನೆ ಬಿಡುತ್ತಿದ್ದ ಬಿಳಿ ಪೆಟ್ಟಿಗೆ, ಎರಡು ರಿಮೋಟು, ಒಂದು ಹಳದಿ ಕ್ಯಾಸೆಟ್ಟು. ಕ್ಯಾಸೆಟ್ಟಿನ ಮೇಲೆ ಲಕ್ಷಗಟ್ಟಲೆ ಆಟಗಳಿವೆ ಎಂದು ಬರೆದಿದ್ದರೂ ಒಳಗೆ ಇದ್ದದ್ದು ಏಳೆಂಟೇ. ಅವೇ ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಆಟ ಬಾರದಿದ್ದರೆ ಕ್ಯಾಸೆಟ್ಟು ಕಿತ್ತು ಅದರ ಬಾಯಿಗೆ ಊದಬೇಕು. ನಾನು ಊದಿದರೆ ಎಂಜಲಾಗುತ್ತದೆಂದು ಅಕ್ಕ ಅದನ್ನು ಕಿತ್ತುಕೊಂಡು ವೇಲಿನ ತುದಿಯಿಂದ ಒರೆಸಿ ಸಿಕ್ಕಿಸುತ್ತಿದ್ದಳು. ಅಕ್ಕ, ಅಂದರೆ ಸುಜಾತ, ನನಗಿಂತ ಆರು ವರ್ಷ ದೊಡ್ಡವಳು.

ಆ ಪೆಟ್ಟಿಗೆಯ ಎರಡನೇ ರಿಮೋಟಿನಲ್ಲಿ ಆಟ ಶುರುಮಾಡುವ, ನಿಲ್ಲಿಸುವ ಬಟನ್ನುಗಳೇ ಇರಲಿಲ್ಲ. ಎರಡೂ ಮೊದಲನೆಯದರಲ್ಲಿ ಮಾತ್ರ. ನಮ್ಮ ಮನೆಯಲ್ಲಷ್ಟೇ ಅಲ್ಲ, ಕೇರಿಯಲ್ಲಿ ಈ ಪೆಟ್ಟಿಗೆ ಇದ್ದ ಮನೆಗಳಲ್ಲೆಲ್ಲ ಎರಡನೇ ರಿಮೋಟು ಹುಡುಗಿಯರದು. ಯಾರೂ ಹಾಗೆಂದು ಕಟ್ಟಳೆ ಮಾಡಿರಲಿಲ್ಲ. ಒಳಗಿನಿಂದ ಯಾವಾಗ ಬೇಕಾದರೂ ಕರೆ ಬರುವವರು ಅವರು. ಎರಡನೆಯವರು ಎದ್ದುಹೋದರೂ ಮೊದಲನೆಯವನು ಆಡುತ್ತಾ ಇರಬಹುದಿತ್ತು.

ನಾವು ಹೆಚ್ಚು ಆಡುತ್ತಿದ್ದದ್ದು ಟ್ಯಾಂಕಿನ ಆಟ. ತೆರೆಯ ಕೆಳಗೆ, ನಡುವೆ, ಇಟ್ಟಿಗೆ ಗೋಡೆಯೊಳಗೆ ಹಕ್ಕಿಯೊಂದರ ಗುರುತು. ನಾವು ಅದನ್ನು ಗೂಡು ಎನ್ನುತ್ತಿದ್ದೆವು. ಮೇಲಿನಿಂದ ವೈರಿ ಟ್ಯಾಂಕುಗಳು ಬರುತ್ತವೆ. ಗೂಡು ಒಡೆದರೆ ಆಟ ಮುಗಿಯಿತು, ನೀನೆಷ್ಟೇ ಗಟ್ಟಿಯಾಗಿದ್ದರೂ. ನಾನು ಮೇಲೆ ನುಗ್ಗಿ ಬೇಟೆಯಾಡುತ್ತಿದ್ದೆ. ಅಕ್ಕನ ಹಸಿರು ಟ್ಯಾಂಕು ಗೂಡಿನ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. ಅವಳು ಕಾಯುತ್ತಿರುವಾಗ ಗೋಡೆಯ ಒಂದು ಇಟ್ಟಿಗೆ ಉದುರಿದರೂ ಅವಮಾನವಾದವಳಂತೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು.

“ಬಾರೇ ಮೇಲೆ, ಅಲ್ಲೇ ಕೂತು ಮೊಟ್ಟೆ ಇಡ್ತಿದ್ಯಾ?” ಎಂದು ನಾನು ರೇಗಿಸುತ್ತಿದ್ದೆ.

“ನೀ ಸಾಯ್ತಾ ಇರು ಮಾರಾಯ, ನಾ ಕಾಯ್ತಾ ಇರ್ತೀನಿ” ಎನ್ನುತ್ತಿದ್ದಳು.

ಕರೆಂಟು ಹೋದರೆ ಗೆದ್ದ ಲೆಕ್ಕವೆಲ್ಲ ಅಳಿಸಿಹೋಗುತ್ತಿತ್ತು. ಪೆಟ್ಟಿಗೆಗೆ ನೆನಪಿಲ್ಲದ್ದರಿಂದ ನೆನಪಿಡುವ ಕೆಲಸ ನಮ್ಮದು. ನಾನು ಇಷ್ಟು ದೂರ ಹೋದೆನೆಂದು ಕೇರಿಯ ಹುಡುಗರೆದುರು ಜಂಬ ಕೊಚ್ಚಿದರೆ ಅವರು ಸಾಕ್ಷಿ ಕೇಳುತ್ತಿದ್ದರು. ಅಕ್ಕ ಕಿಟಕಿಯಿಂದಲೇ ಹೇಳುತ್ತಿದ್ದಳು, “ಹೌದ್ರೋ, ನಾನೇ ನೋಡೀನಿ.” ಅಲ್ಲಿಗೆ ವಾದ ಮುಗಿಯುತ್ತಿತ್ತು. ಅವಳು ಸುಳ್ಳು ಹೇಳುವವಳಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಇನ್ನು ಆ ಮಧ್ಯಾಹ್ನ. ಅಕ್ಕ ಪಿಯುಸಿ ಮುಗಿಸಿದ್ದಳು. ಶಿವಮೊಗ್ಗದಲ್ಲಿ ಬಿಎಸ್ಸಿ ಓದುತ್ತೇನೆ ಎನ್ನುತ್ತಿದ್ದಳು, ಅಪ್ಪ ನೋಡೋಣ ಎನ್ನುತ್ತಿದ್ದರು. ಕುಬಟೂರಿನಿಂದ ನಾಲ್ಕು ಜನ ಬಂದು ಹೊರಗಿನ ಜಗಲಿಯಲ್ಲಿ ಕೂತಿದ್ದರು. ಅವರು ಹಿಂದಿನ ವಾರವೇ ಅಕ್ಕನನ್ನು ನೋಡಿ ಹೋಗಿದ್ದವರು. ಈ ಸಲ ಬಂದದ್ದು ಮಾತು ಮುಗಿಸಲು. ಒಳಗೆ ನಡುಮನೆಯಲ್ಲಿ ನಾವಿಬ್ಬರೂ ಟಿವಿಯ ಸದ್ದು ಪೂರ್ತಿ ತಗ್ಗಿಸಿಕೊಂಡು ಆಡುತ್ತಿದ್ದೆವು. ಅಪ್ಪನ ದನಿ ಕೇಳಿಸಿತು: “ಆತು ಬಿಡ್ರಿ, ನಿಮ್ಮ ಮನೆ ಹುಡುಗಿ ಅಂತ ತಿಳ್ಕಳಿ.” ತೆರೆಯ ಮೇಲೆ ಅಕ್ಕನ ಹಸಿರು ಟ್ಯಾಂಕು ನಿಧಾನವಾಗಿ ಗೂಡಿನ ಕಡೆ ಮುಖ ತಿರುಗಿಸಿತು. ಗೂಡು ಒಡೆಯಿತು. ನಾನು ಅಳುವ ದನಿಯಲ್ಲಿ, “ಏನೇ ಇದು” ಎಂದೆ. “ಕೈ ತಪ್ತು ಕಣೋ” ಎಂದಳು. ರಿಮೋಟಿನ ವೈರನ್ನು ಅಚ್ಚುಕಟ್ಟಾಗಿ ಸುತ್ತಿಟ್ಟು ಒಳಗೆ ಹೋದಳು.

ಇಷ್ಟೇ. ಆದರೆ ನೀವೂ ಗಮನಿಸಿರಬಹುದು, ಇದು ಹೇಳಿ ಮಾಡಿಸಿದ ಹಾಗಿದೆ. ಇತಿಹಾಸ ಓದಿದ ನನಗೆ ಮೇಷ್ಟರುಗಳು ಕಲಿಸಿದ್ದು ಒಂದೇ ವಿದ್ಯೆ: ಚೆನ್ನಾಗಿ ಹೊಂದಿಕೊಳ್ಳುವ ಸಾಕ್ಷ್ಯವನ್ನು ಮೊದಲು ಅನುಮಾನಿಸು. ಅಪ್ಪನ ಮಾತಿಗೂ ಟ್ಯಾಂಕು ತಿರುಗಿದ್ದಕ್ಕೂ ಅಷ್ಟು ಸರಿಯಾಗಿ ಗಳಿಗೆ ಕೂಡಿತ್ತೇ? ಅಥವಾ ಎಂದೋ ಗೂಡು ಒಡೆದದ್ದನ್ನು ತಂದು ಆ ಮಧ್ಯಾಹ್ನಕ್ಕೆ ನಾನೇ ಅಂಟಿಸಿದೆನೇ? ಕುಬಟೂರಿನ ಹಳೆಯ ದೇವಸ್ಥಾನಕ್ಕೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗ, ಅಲ್ಲಿನ ಶಾಸನದ ಕಲ್ಲಿನ ಮುಂದೆ ನಿಂತು ಯಾರು ಯಾರಿಗೆ ಭೂಮಿ ಬಿಟ್ಟರೆಂದು ಎದೆಯುಬ್ಬಿಸಿ ಹೇಳುತ್ತೇನೆ. ನಮ್ಮದೇ ನಡುಮನೆಯಲ್ಲಿ ನಡೆದದ್ದನ್ನು ಹೇಳಲು ಬರುವುದಿಲ್ಲ.

ಶಿಕಾರಿಪುರದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಮಂಜು ನನ್ನ ಹಳೆಯ ಸಹಪಾಠಿ, ಅಂಥದೇ ಪೆಟ್ಟಿಗೆಯಲ್ಲಿ ಆಡಿ ಬೆಳೆದವನು. ಒಂದು ದಿನ ಅವನಿಗೆ ಇದನ್ನು ಹೇಳಿದೆ. ಅವನು ಯಾರದೋ ಫೋನಿನ ಗಾಜು ಬಿಚ್ಚುತ್ತಾ ತಲೆ ಎತ್ತದೆ ಅಂದ, “ಸುಳ್ಳು ಬಿಡಲೇ. ನಮ್ಮ ಗುಂಡು ನಮ್ಮ ಗೂಡಿಗೆ ತಾಗಂಗಿಲ್ಲ. ನಾವ್ ನಾವೇ ಹೊಡ್ಕಂಡ್ರೂ ಬರೀ ಮಿಣಕ್ ಮಿಣಕ್ ಅಂತೀವಿ, ಸಾಯಂಗಿಲ್ಲ. ಮೇಷ್ಟ್ರಾದ ಮೇಲೆ ಭಾಳ ಕಥಿ ಕಟ್ತೀಯ ನೀನು.”

ಹುಡುಗರು ಫೋನಿನಲ್ಲಿ ಹುಡುಕಿದರೆ ಒಂದು ನಿಮಿಷದಲ್ಲಿ ಉತ್ತರ ಸಿಗುತ್ತದೆ. ನಾನು ಹುಡುಕಲಿಲ್ಲ. ಅಂಥ ಕ್ಯಾಸೆಟ್ಟುಗಳನ್ನು ಯಾರ್ಯಾರೋ ನಕಲು ಮಾಡಿದ್ದರಿಂದ ಒಂದರ ಹಾಗೆ ಒಂದಿರುವುದಿಲ್ಲ ಎಂಬ ವಿದ್ವತ್ಪೂರ್ಣ ನೆಪ ನನಗಿತ್ತು. ನಿಜವೆಂದರೆ ಹೆದರಿಕೆ. ಮಂಜು ಹೇಳಿದ್ದು ಸರಿಯಾಗಿದ್ದರೆ ಅಕ್ಕ ಆ ದಿನ ಏನೂ ಮಾಡಿರಲಿಲ್ಲ. ಬಂದವರ ಮುಂದೆ, ಅಪ್ಪನ ಮುಂದೆ, ಆಮೇಲೆ ಇಷ್ಟು ವರ್ಷ, ಅವಳು ಬೇಡ ಎಂದದ್ದು ಯಾರೂ ಕೇಳಿಲ್ಲ. ಬೇಡ ಎಂದದ್ದಕ್ಕೆ ನನ್ನ ಬಳಿ ಇರುವುದು ಒಡೆದ ಆ ಗೂಡು ಒಂದೇ. ಅದೂ ನನ್ನ ತಲೆಯೊಳಗೆ.

ಕೊನೆಗೆ ಶಿರಾಳಕೊಪ್ಪದ ಸಂತೆಯಲ್ಲಿ ನೆಲದ ಮೇಲೆ ಹಾಸಿದ ತಾಡಪಾಲಿನ ಮೇಲೆ ಅಂಥದೇ ಪೆಟ್ಟಿಗೆ ಕಂಡಿತು. ಟಾರ್ಚುಗಳ, ರಬ್ಬರ್ ಚಪ್ಪಲಿಗಳ ನಡುವೆ. ತಂದೆ. ಹಳೆಯ ಆಟಗಳೇ ಚೆಂದ ಎಂದು ನಿಟ್ಟುಸಿರು ಬಿಡುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ಅವು ಚೆಂದವಿಲ್ಲ. ಬಟನ್ನು ಒತ್ತಿದ್ದು ಒಂದು, ಆಗುವುದು ಇನ್ನೊಂದು. ಪ್ಲಾಸ್ಟಿಕ್ ಪಿಸ್ತೂಲಿನಿಂದ ಬಾತುಕೋಳಿ ಹೊಡೆಯುವ ಆಟ ಈ ಕಾಲದ ಟಿವಿಯಲ್ಲಿ ಕೆಲಸವನ್ನೇ ಮಾಡುವುದಿಲ್ಲ. ಸ್ವಲ್ಪ ಹೊತ್ತಿನಲ್ಲೇ ಆಕಳಿಕೆ ಬಂತು. ಹೊಸ ಆಟಗಳಲ್ಲಿ ನನಗೆ ಕೆಲಸವಿಲ್ಲ, ಹಳೆಯವುಗಳಲ್ಲಿ ನನಗೆ ಜಾಗವಿಲ್ಲ. ಟ್ಯಾಂಕಿನ ಆಟವನ್ನು ಮಾತ್ರ ಮುಟ್ಟದೆ, ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ಅಕ್ಕನನ್ನು ಕೊಟ್ಟ ಕುಬಟೂರಿನ ಬಸ್ಸು ಹತ್ತಿದೆ.

ಭಾವ ಅಂಗಳದಲ್ಲಿ ಮೆಕ್ಕೆಜೋಳ ಹರವುತ್ತಿದ್ದರು. ಒಳ್ಳೆಯ ಮನುಷ್ಯ, ನನ್ನನ್ನು ಕಂಡರೆ ಕಾಲೆಳೆಯದೆ ಬಿಡುವುದಿಲ್ಲ. ಚೀಲದಲ್ಲಿ ಏನೆಂದು ಇಣುಕಿ, ಕ್ಯಾಸೆಟ್ಟಿನ ಮೇಲಿನ ಟ್ಯಾಂಕಿನ ಚಿತ್ರ ನೋಡಿ, “ಏನ್ರೀ ಮೇಷ್ಟ್ರೇ, ಟ್ಯಾಂಕ್ ಓಡ್ಸಾಕ ಬಂದ್ರಾ? ನಮ್ಮ ಟಿಲ್ಲರ್ ಸುಮ್ನ ನಿಂತೈತಿ, ಅದನ್ನಾರ ಒಂದ್ ಸುತ್ತು ಓಡಿಸ್ರಿ” ಎಂದರು.

ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಪೆಟ್ಟಿಗೆಯನ್ನು ನೋಡಿದಳು. “ಎಂತದೋ ಇದು?”

“ನೀನು ಆಡ್ತಿದ್ಯಲ್ಲೇ, ಟ್ಯಾಂಕಿಂದು.”

“ನಾನೆಲ್ಲಿ ಆಡಿದ್ದೆ? ನೀ ಬಿಟ್ರಲ್ವಾ ನಾ ಆಡಾದು. ನೀನು ಆಡ್ತಿದ್ದೆ, ನಾನು ಅಕ್ಕಿ ಆರಿಸ್ತಾ ನೋಡ್ತಿದ್ದೆ.”

“ಎರಡನೇ ರಿಮೋಟು ನಿಂದಲ್ವನೇ ಅಕ್ಕ?”

“ಅದು ಕೆಟ್ಟಿತ್ತಲ್ಲ.”

“ಕೆಟ್ಟಿರ್ಲಿಲ್ಲ ಕಣೇ. ಅದರಾಗೆ ನಿಲ್ಸೋ ಬಟನ್ ಇರ್ಲಿಲ್ಲ, ಅಷ್ಟೆ.”

“ಹಂಗಾರೆ ಕೆಟ್ಟಂಗೇ ಆತಲ್ಲ” ಎಂದು ಅಕ್ಕ ನಕ್ಕಳು.

ನಾನು ಟಿವಿಗೆ ವೈರು ಸಿಕ್ಕಿಸುತ್ತಾ, ಬೆನ್ನು ಹಾಕಿಕೊಂಡೇ ಕೇಳಿದೆ: ಭಾವನ ಮನೆಯವರು ಮಾತಿಗೆ ಬಂದ ದಿನ ನಾವು ಆಡುತ್ತಿದ್ದೆವಲ್ಲ, ನೆನಪಿದೆಯೇ. “ಆವತ್ತು ಅಮ್ಮ ಶಾವಿಗೆ ಪಾಯಸ ಮಾಡಿತ್ತು. ತಳ ಹತ್ತಿತ್ತು. ಅದು ನೆನಪೈತೆ.” ನನ್ನ ನೆನಪಿನಲ್ಲಿ ಪಾಯಸವೇ ಇಲ್ಲ.

ಟ್ಯಾಂಕಿನ ಆಟ ಹಚ್ಚಿ ಎರಡನೇ ರಿಮೋಟು ಅವಳ ಕೈಗೆ ಕೊಟ್ಟೆ. ತಲೆಕೆಳಗಾಗಿ ಹಿಡಿದಳು, ಸರಿಮಾಡಿದೆ. ಆಟ ಶುರುವಾಯಿತು. ನಾನು ಮೇಲೆ ಹೋದೆ. ಅವಳ ಹಸಿರು ಟ್ಯಾಂಕು ಗೂಡಿನ ಪಕ್ಕದಲ್ಲೇ ನಿಂತಿತ್ತು. ಕಾಯುತ್ತಿದ್ದಾಳೋ, ನಡೆಸಲು ಗೊತ್ತಾಗುತ್ತಿಲ್ಲವೋ ಎಂದು ಕಣ್ಣಂಚಿನಲ್ಲಿ ಅವಳ ಹೆಬ್ಬೆರಳನ್ನು ನೋಡುತ್ತಿದ್ದೆ. ಅಷ್ಟರಲ್ಲಿ ಅಂಗಳದಿಂದ ಭಾವನ ಕೂಗು ಬಂತು, “ಏ, ಕರ ಬಿಚ್ಕಂಡು ಜೋಳಕ್ಕ ಬಾಯಿ ಹಾಕೈತಿ, ಬಾ ಇಲ್ಲಿ.” ಅವಳು ಎದ್ದು ಹೋದಳು. ಅವಳು ವಾಪಸ್ಸು ಬರುವ ಮುಂಚೆ ಕರೆಂಟು ಹೋಯಿತು. ಕತ್ತಲಾದ ತೆರೆಯಲ್ಲಿ ನಾನೊಬ್ಬನೇ ಕಾಣುತ್ತಿದ್ದೆ.

ಊಟ ಮಾಡಿಸಿ ಕಳಿಸಿದಳು. ಬಸ್ಸಿನವರೆಗೂ ಬಂದು, “ಇಷ್ಟಕ್ಕೆ ಬಂದ್ಯಾ?” ಎಂದಳು. ಹೌದೆಂದೆ. “ಹುಚ್ಚು ನಿಂದು” ಎಂದು ಸೆರಗು ಸರಿಮಾಡಿಕೊಂಡಳು. ಬಸ್ಸಿನಲ್ಲಿ ಕೂತು ಯೋಚಿಸಿದೆ. ಹುಡುಗರು ನಂಬದಿದ್ದಾಗ ನನ್ನ ಪರವಾಗಿ ಸಾಕ್ಷಿ ಹೇಳಲು ಅವಳಿದ್ದಳು. ಅವಳ ಪಾಲಿಗೆ ಉಳಿದಿರುವ ಒಬ್ಬನೇ ಸಾಕ್ಷಿ ನಾನು. ನನ್ನಂಥ ಸಾಕ್ಷಿಯನ್ನು ನಾನೇ ನಂಬುವುದಿಲ್ಲ. ಅವಳು ಮರೆತಿದ್ದಾಳೆಯೇ, ಮರೆಯಬೇಕೆಂದು ತೀರ್ಮಾನಿಸಿ ಬದುಕಿದ್ದಾಳೆಯೇ, ಅಥವಾ ನನಗೆ ಬೇಕಾದ ಅಕ್ಕನೊಬ್ಬಳನ್ನು ನಾನೇ ಮಾಡಿಕೊಂಡಿದ್ದೇನೆಯೇ? ಇದು ಎಂದಿಗೂ ತಿಳಿಯುವುದಿಲ್ಲ. ತಿಳಿಯಬೇಕಾದ ಕಾಲದಲ್ಲಿ ನಾನು ಟಿವಿ ನೋಡುತ್ತಿದ್ದೆ.

ಹೊಸ ಕನ್ಸೋಲಿನ ವೈರು ಈಗ ಕಳಚಿಟ್ಟಿದ್ದೇನೆ. ಕುದುರೆ ಎಲ್ಲೋ ಹೊಳೆಯ ದಂಡೆಯಲ್ಲಿ ನಿಂತಿರಬೇಕು. ಕಳೆದ ಭಾನುವಾರ ಬೆಳಿಗ್ಗೆ ಅದರ ಜಾಗದಲ್ಲಿ ಸಂತೆಯ ಪೆಟ್ಟಿಗೆಯನ್ನು ಸಿಕ್ಕಿಸಿ, ಇಬ್ಬರ ಆಟ ಆರಿಸಿ, ಮೊದಲ ರಿಮೋಟನ್ನು ನೆಲದ ಮೇಲಿಟ್ಟು ಎರಡನೆಯದನ್ನು ಕೈಗೆ ತೆಗೆದುಕೊಂಡೆ. ಅವಳ ಜಾಗದಿಂದ ಆ ಆಟವನ್ನು ನಾನು ನೋಡಿದ್ದು ಅದೇ ಮೊದಲು. ಗೂಡು ಎಡಕ್ಕೆ, ಬಹಳ ಹತ್ತಿರ. ಹಸಿರು ಟ್ಯಾಂಕನ್ನು ಆ ಕಡೆ ತಿರುಗಿಸಿ ಒತ್ತಿದೆ.

ಮಂಜು ಹೇಳಿದ್ದು ತಪ್ಪು. ನಮ್ಮ ಗುಂಡು ನಮ್ಮ ಗೂಡನ್ನು ಒಡೆಯುತ್ತದೆ. ಒಡೆದ ಮೇಲೆ ನನ್ನ ಟ್ಯಾಂಕು ತೆರೆಯ ಮೇಲೆ ಗಟ್ಟಿಮುಟ್ಟಾಗಿಯೇ ನಿಂತಿತ್ತು, ಎಷ್ಟು ಒತ್ತಿದರೂ ಕದಲಲಿಲ್ಲ. ಕಾದ ಪ್ಲಾಸ್ಟಿಕ್ಕಿನ ವಾಸನೆ ಬರುವವರೆಗೂ ಮತ್ತೆ ಮತ್ತೆ ಆಡಿ ನೋಡಿದೆ, ಪ್ರತಿ ಸಲವೂ ಒಂದೇ ಉತ್ತರ. ಗೋಡೆ ಪೂರ್ತಿ ಇದ್ದರೆ ಮೊದಲ ಏಟಿಗೆ ಇಟ್ಟಿಗೆಯ ಹೊರಪದರ ಉದುರುತ್ತದೆ. ಎರಡನೆಯದಕ್ಕೆ ಒಳಪದರ ಉದುರುತ್ತದೆ. ಗೂಡು ಒಡೆಯುವುದು ಮೂರನೆಯದಕ್ಕೆ. ಒಂದು ಸಲ ಕೈ ತಪ್ಪಿದರೆ ಒಡೆಯುವುದಿಲ್ಲ.