ವಕೀಲರ ಮನೆಯ ಲೈನು

ಶಹಾಬಾದ್ ಮತ್ತು ವಾಡಿಯ ನಡುವೆ ಒಂದು ಸಣ್ಣ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಆಪರೇಟರ್ ಆಗಿದ್ದೆ. ಫೋನ್ ಇದ್ದ ಮನೆಗಳೇ ಆಗ ಕಡಿಮೆ. ಯಾರಾದರೂ ಕರೆದರೆ ನಮ್ಮ ಬೋರ್ಡಿನ ಮೇಲೆ ಒಂದು ಸಣ್ಣ ತಗಡು ಟಪ್ಪನೆ ಬೀಳುತ್ತಿತ್ತು. ಪ್ಲಗ್ ಹಾಕಿ "ನಂಬರ್ ಹೇಳ್ರಿ" ಅನ್ನುತ್ತಿದ್ದೆವು. ಸೇಡಂನ ಬೇಳೆ ವ್ಯಾಪಾರಿಯ ಕೆಮ್ಮು, ಚಿತ್ತಾಪುರದ ಡಾಕ್ಟರರ ಅವಸರ, ಮುಖ ನೋಡದೆಯೇ ಎಲ್ಲರೂ ಪರಿಚಯ. ಕಿವಿಗೆ ಬಿದ್ದದ್ದು ಈ ಕೋಣೆಯಲ್ಲೇ ಉಳಿಯಬೇಕು ಅಂತ ಮೊದಲ ದಿನವೇ ಕಲಿಸಿದವರು ನನ್ನ ಪಕ್ಕ ಕೂಡುತ್ತಿದ್ದ ಹಿರಿಯ ಆಪರೇಟರ್. ನಾನು ಅವರನ್ನು ಆಪಾ, ಅಂದರೆ ಅಕ್ಕ, ಅನ್ನುತ್ತಿದ್ದೆ.

ತುರ್ತು ಪರಿಸ್ಥಿತಿಯ ದಿನಗಳಲ್ಲಿ ಒಂದು ಬೆಳಿಗ್ಗೆ ಮಫ್ತಿಯಲ್ಲಿ ಒಬ್ಬ ಅಧಿಕಾರಿ ಬಂದರು. ಕಲ್ಲುಗಣಿಯ ಕೂಲಿಕಾರರ ಪರ ಕೋರ್ಟಿನಲ್ಲಿ ನಿಲ್ಲುತ್ತಿದ್ದ ವಕೀಲರೊಬ್ಬರು ತಲೆಮರೆಸಿಕೊಂಡಿದ್ದರು. ಅವರ ಮನೆಯ ಫೋನಿನಲ್ಲಿ ಯಾರು, ಏನು ಮಾತಾಡುತ್ತಾರೋ ಎಲ್ಲ ಬರೆದುಕೊಡಬೇಕು ಅಂದರು.

"ಆರ್ಡರ್ ಕಾಗದ ಅದ ಏನ್ರಿ?" ಆಪಾ ಕೇಳಿದರು.

"ದೇಶದ ಕೆಲಸಕ್ಕ ಕಾಗದ ಯಾಕ್ರಿ ಬಾಯಿ?"

ಆಪಾ ಹೆಡ್‌ಫೋನ್ ಹಾಕಿಕೊಂಡರು. ಅಧಿಕಾರಿ ನನ್ನ ಕಡೆ ತಿರುಗಿದರು. ನಾನು ಹೂಂ ಅಂದೆ.

ಹೆದರಿ ಅಂದದ್ದಲ್ಲ. ನನ್ನ ಅಣ್ಣ ಫೌಜಿನಲ್ಲಿದ್ದು, ಯುದ್ಧದಲ್ಲಿ ಕಾಲಿಗೆ ಗುಂಡು ತಾಗಿ ಮನೆಗೆ ಬಂದಿದ್ದ. ದೇಶಕ್ಕೆ ಅಪಾಯ ಅಂದರೆ ಸಾಕು, ಅವನು ಗೋಡೆ ಹಿಡಿದು ನಡೆಯುವುದು ಕಣ್ಣಿಗೆ ಕಟ್ಟುತ್ತಿತ್ತು. ರೊಟ್ಟಿ ಬುತ್ತಿ ಬಿಚ್ಚಿದಾಗ ಆಪಾನ ಜೊತೆ ವಾದ ಮಾಡಿದೆ.

"ಕದ್ದು ಕೇಳಲಿಲ್ಲ ಅಂದ್ರ ದೇಶದ್ರೋಹಿಗಳನ್ನ ಹಿಡಿಯೋದು ಹ್ಯಾಂಗ ಆಪಾ?"

"ಕೇಳ್ಲಿ, ನಾ ಬ್ಯಾಡ ಅನ್ನಂಗಿಲ್ಲ. ಯಾರದು ಕೇಳಬೇಕು, ಯಾಕ ಕೇಳಬೇಕು ಅಂತ ಒಬ್ಬರು ಬರದು ಸಹಿ ಮಾಡ್ಲಿ. ನಾಳಿ ತಪ್ಪಾದ್ರ ಯಾರನ್ನ ಕೇಳೋದು?"

ಆದರೂ ಬರೆಯುತ್ತ ಹೋದೆ.

ಬರೆಯಲು ಏನಿತ್ತು? ವಕೀಲರ ಹೆಂಡತಿ ತವರಿಗೆ ಮಾತಾಡುತ್ತಿದ್ದರು. ಮಗಳಿಗೆ ದಡಾರ ಎದ್ದಿದೆ, ಓಣಿಯವರು ಯಾರೂ ಮನೆಗೆ ಬರುತ್ತಿಲ್ಲ. ಆ ಕಡೆ ತಾಯಿ ಅಳುತ್ತಿದ್ದರು, ಇವರು ಅಳುತ್ತಿರಲಿಲ್ಲ. 'ದಡಾರ' ಅಂತ ಬರೆದ ಹಾಳೆಯನ್ನು ಅಧಿಕಾರಿ ಗಂಭೀರವಾಗಿ ಓದಿ, ಮಡಚಿ ಜೇಬಿಗಿಟ್ಟುಕೊಂಡಾಗ ನನಗೇ ನಾಚಿಕೆಯಾಯಿತು.

ಒಂದು ಮಧ್ಯಾಹ್ನ ತವರಿನಲ್ಲಿ ತಾಯಿ ಫೋನ್ ಇಟ್ಟರೂ ವಕೀಲರ ಹೆಂಡತಿ ಇಡಲಿಲ್ಲ.

"ಬಾಯಾರ, ನೀವು ಕೇಳಾಕತ್ತೀರಿ ಅಂತ ನಂಗ ಗೊತ್ತದ. ನಿಮ್ಮ ಫ್ಯಾನಿನ ಸಪ್ಪಳ ಬರತದ."

ನಾನು ಪೆನ್ನು ಕೆಳಗಿಟ್ಟೆ.

"ನಿಮ್ಮ ಮ್ಯಾಲ ಸಿಟ್ಟಿಲ್ರಿ. ನನ್ನ ಮಗಳ ಜ್ವರ ಇಳದಾವ, ಅದನ್ನೂ ಬರೀರಿ. ಅಕಿ ಅಪ್ಪ ಪೊಲೀಸರ ಕೈಗೆ ಸಿಕ್ಕಿದ್ದರ, ಯಾರರ ಅವರಿಗೆ ಓದಿ ಹೇಳ್ಲಿ."

ಆ ದಿನ ಹಾಳೆಯಲ್ಲಿ ಏನೂ ಬರೆಯಲಿಲ್ಲ. ಅಧಿಕಾರಿ ಬಂದಾಗ, ಇನ್ನು ಮುಂದೆ ಆರ್ಡರ್ ತಂದರೆ ಮಾತ್ರ ಅಂದೆ. ಅವರು ಬೈಯಲಿಲ್ಲ. ತಿಂಗಳೊಳಗೆ ನನಗೆ ಚಿಂಚೋಳಿಯ ಎಕ್ಸ್‌ಚೇಂಜಿಗೆ ವರ್ಗವಾಯಿತು. ಅಣ್ಣನಿಗೆ ಎಲ್ಲ ಹೇಳಿದೆ. ಅವನು ಕಾಲು ನೀವಿಕೊಳ್ಳುತ್ತ, "ಛೊಲೋ ಮಾಡಿದಿ" ಅಂದ.

ಹೊರಡುವ ಮುಂಚೆ ವಕೀಲರ ಮನೆಗೆ ಹೋದೆ. ನಾನು ಯಾರೆಂದು ಹೇಳಿದ ಮೇಲೆ ಅವರ ಹೆಂಡತಿ ಬಾಗಿಲನ್ನು ಪೂರ್ತಿ ತೆರೆದರು. ಆಮೇಲೆ "ಒಳಗ ಬರ್ರಿ, ಕುಂದ್ರಿ" ಅಂದು ಚಹಾ ಇಟ್ಟರು. ಮುಖದ ಮೇಲಿನ ಕಲೆ ಇನ್ನೂ ಮಾಸದ ಮಗಳು ಅಂಗಳದಲ್ಲಿ ಆಡುತ್ತಿದ್ದಳು. ಲೈನಿನ ವಿಷಯ ಇಬ್ಬರೂ ಎತ್ತಲಿಲ್ಲ.

ವಕೀಲರು ಮರುವರ್ಷ ಮನೆಗೆ ಬಂದರಂತೆ. ಅದನ್ನು ತಿಳಿಸಿದವರು ಆಪಾ. ಲೈನು ಖಾಲಿ ಇರುವ ಮಧ್ಯಾಹ್ನಗಳಲ್ಲಿ ಚಿಂಚೋಳಿಗೆ ಪ್ಲಗ್ ಹಾಕಿ ನನ್ನನ್ನು ಕರೆಯುತ್ತಿದ್ದರು. "ಇವತ್ತು ಏನು ಪಲ್ಯ?" ಅಂತ ಶುರುವಾಗುತ್ತಿತ್ತು ನಮ್ಮ ಮಾತು.